ಬಾವಿಗೆ ಹಾರುವ ಒಳ್ಳೆಯತನ

ಮಾರ್ಚ್ ಕಳೆದು ಏಪ್ರಿಲ್ ಹತ್ತಿರವಾದರೆ ಕಾಸರಗೋಡಿನ ಗುಡ್ಡೆ ಬದಿಯ ಊರುಗಳಲ್ಲಿ, ಪೆರ್ಲ, ಬದಿಯಡ್ಕ, ಮುಳ್ಳೇರಿಯ, ಅಡೂರು ಕಡೆಯಲ್ಲೆಲ್ಲ, ಬಾವಿಯ ಕೆಲಸ ಶುರುವಾಗುತ್ತದೆ. ನೀರು ತಳ ಕಂಡಿರುತ್ತದೆ. ಕೆಸರು ತೆಗೆಯಬೇಕು, ಜರಿದು ಬಿದ್ದ ಮುರಕಲ್ಲು ಎತ್ತಬೇಕು, ಸಾಧ್ಯವಾದರೆ ಇನ್ನೆರಡು ಅಡಿ ಆಳ ಮಾಡಬೇಕು. ಪೇಪರಿನಲ್ಲಿ ಆ ಒಂದು ಸುದ್ದಿ ಬರುವುದೂ ಹೆಚ್ಚಾಗಿ ಇದೇ ದಿನಗಳಲ್ಲಿ. ಬಾವಿಗೆ ಇಳಿದವನೊಬ್ಬ ಉಸಿರುಗಟ್ಟಿ ಬಿದ್ದ, ಅವನನ್ನು ಎತ್ತಲು ಇಳಿದ ಇನ್ನೊಬ್ಬನೂ ತೀರಿಕೊಂಡ. ಎರಡನೆಯವನು ಕೆಲವೊಮ್ಮೆ ಮನೆಯವನೂ ಅಲ್ಲ, ನೆಂಟನೂ ಅಲ್ಲ. ಬೊಬ್ಬೆ ಕೇಳಿ ಓಡಿ ಬಂದವನು. 2015ರ ನವೆಂಬರಿನಲ್ಲಿ ಕೋಯಿಕ್ಕೋಡಿನಲ್ಲಿ ಆದದ್ದು ಎಲ್ಲರಿಗೂ ನೆನಪಿದೆ. ಮ್ಯಾನ್‌ಹೋಲಿನೊಳಗೆ ಸಿಕ್ಕಿಬಿದ್ದ ಆಂಧ್ರದ ಇಬ್ಬರು ಕೂಲಿಯವರನ್ನು ಉಳಿಸಲು ಇಳಿದ ಆಟೋ ಚಾಲಕ ಅವರೊಂದಿಗೇ ಸತ್ತ. ಅವರು ಯಾರೆಂದು ಅವನಿಗೆ ಗೊತ್ತೂ ಇರಲಿಲ್ಲ.

ಇಂಥ ಸಾವಿನ ಮನೆಯ ಅಂಗಳದಲ್ಲಿ ಎರಡು ಮಾತು ಕೇಳಿಬರುತ್ತವೆ. ‘ಎಂಥಾ ಒಳ್ಳೆ ಮನಸ್ಸು ಮಾರಾಯ್ರೆ’ ಎನ್ನುವುದು ಒಂದು. ‘ಸ್ವಲ್ಪ ಆಲೋಚನೆ ಮಾಡಬೇಕಿತ್ತು’ ಎನ್ನುವುದು ಇನ್ನೊಂದು, ಅದು ದನಿ ತಗ್ಗಿಸಿ. ಎರಡನ್ನೂ ಒಬ್ಬರೇ ಹೇಳುವುದುಂಟು. ಎರಡೂ ಸುಳ್ಳಲ್ಲ. ಆದರೆ ಅವೆರಡನ್ನು ಪಕ್ಕಪಕ್ಕದಲ್ಲಿ ಇಟ್ಟು ಎದ್ದು ಬರಲು ಮನಸ್ಸು ಒಪ್ಪುವುದಿಲ್ಲ. ಅವನಲ್ಲಿ ಇದ್ದದ್ದು ಸದ್ಗುಣವೇ ಆಗಿದ್ದರೆ ಅದು ಯಾರನ್ನೂ ಉಳಿಸದೆ ಅವನನ್ನೇ ಯಾಕೆ ಕೊಂದಿತು? ಸದ್ಗುಣ ಅಲ್ಲ ಎಂದಾದರೆ ಊರಿಗೆ ಊರೇ ಯಾಕೆ ಅವನ ಮುಂದೆ ತಲೆ ಬಾಗುತ್ತದೆ? ನೀತಿಶಾಸ್ತ್ರದಲ್ಲಿ ಈ ಪ್ರಶ್ನೆಗೆ ಎರಡು ಸಾವಿರ ವರ್ಷಕ್ಕೂ ಮಿಕ್ಕಿದ ಪ್ರಾಯವಿದೆ. ಸಹಜ ಸದ್ಗುಣ, ಅಂದರೆ ಕಲಿಸದೆ, ಕಟ್ಟುಪಾಡಿಲ್ಲದೆ, ಹುಟ್ಟಿನಿಂದಲೇ ಬಂದ ಒಳ್ಳೆಯತನ. ಅದಕ್ಕೆ ಎಷ್ಟು ಬೆಲೆ, ಅದು ಎಲ್ಲಿವರೆಗೆ ಸಾಕು ಎನ್ನುವ ಪ್ರಶ್ನೆ.

ಕಣ್ಣಿಲ್ಲದ ಬಲ

ಅರಿಸ್ಟಾಟಲ್ ಇದನ್ನು ನಿಕೊಮೇಕಿಯನ್ ಎಥಿಕ್ಸ್‌ನ 6ನೇ ಪುಸ್ತಕದ ಕೊನೆಗೆ, 13ನೇ ಅಧ್ಯಾಯದಲ್ಲಿ ಎತ್ತಿಕೊಳ್ಳುತ್ತಾನೆ. ಕೆಲವರು ಹುಟ್ಟುತ್ತಲೇ ಧೈರ್ಯವಂತರು, ಕೆಲವರು ಹುಟ್ಟುತ್ತಲೇ ನ್ಯಾಯಬುದ್ಧಿಯವರು, ಕೆಲವರಿಗೆ ಸಂಯಮ ಸಹಜ. ಇದನ್ನು ಅವನು ಅಲ್ಲಗಳೆಯುವುದಿಲ್ಲ. ಮಕ್ಕಳಲ್ಲಿ, ಪ್ರಾಣಿಗಳಲ್ಲಿ ಕೂಡ ಇಂಥ ಗುಣ ಕಾಣುತ್ತದೆ ಎನ್ನುತ್ತಾನೆ. ಆದರೆ ಬುದ್ಧಿಯ ಬೆಳಕು ಸೇರದಿದ್ದರೆ ಅದೇ ಗುಣ ಹಾನಿ ಮಾಡುತ್ತದೆ. ಅವನು ಕೊಡುವ ಉದಾಹರಣೆ ಗಟ್ಟಿ ಮೈಯ, ಕಣ್ಣು ಕಾಣದ ಮನುಷ್ಯನದು. ಅವನ ಮೈಗೆ ಎಷ್ಟು ಬಲವೋ ಎಡವಿದರೆ ಪೆಟ್ಟೂ ಅಷ್ಟೇ ಜೋರು. ದುರ್ಬಲನು ಮೆಲ್ಲಗೆ ಬೀಳುತ್ತಾನೆ. ಈ ಮಾತನ್ನು ಬಾವಿಯ ದಂಡೆಯಲ್ಲಿ ನಿಂತು ಓದಿದರೆ ಹೆಚ್ಚು ಅರ್ಥವಾಗುತ್ತದೆ. ಸುತ್ತ ನಿಂತ ಇಪ್ಪತ್ತು ಮಂದಿಯಲ್ಲಿ ಸಾಯುವವನು ಹೇಡಿಯಲ್ಲ, ಅರೆಮನಸ್ಸಿನವನಲ್ಲ. ಎಲ್ಲರಿಗಿಂತ ಮೊದಲು ಎದೆ ಮಿಡಿದವನು.

ಹಾಗಾದರೆ ಅದೇ ಗ್ರಂಥದ 2ನೇ ಪುಸ್ತಕದ ಮೊದಲಲ್ಲಿ, ನಡತೆಯ ಸದ್ಗುಣ ಯಾವುದೂ ಹುಟ್ಟಿನಿಂದ ಬರುವುದಿಲ್ಲ ಎಂದು ಯಾಕೆ ಹೇಳಿದ ಎಂದು ಕೇಳಬಹುದು. ಕಲ್ಲನ್ನು ಹತ್ತು ಸಾವಿರ ಸಲ ಮೇಲಕ್ಕೆಸೆದರೂ ಅದು ಮೇಲೆ ಹೋಗಲು ಕಲಿಯುವುದಿಲ್ಲ, ಮನುಷ್ಯ ಹಾಗಲ್ಲ, ರೂಢಿಯಿಂದ ಬದಲಾಗುತ್ತಾನೆ, ಆದ್ದರಿಂದ ಸದ್ಗುಣ ಪ್ರಕೃತಿಯ ಕೊಡುಗೆಯಲ್ಲ ಎನ್ನುವ ವಾದ ಅಲ್ಲಿದೆ. ಕ್ಲಾಸಿನಲ್ಲಿ ಇದನ್ನು ವಿರೋಧಾಭಾಸ ಎಂದು ಬರೆಸುವವರಿದ್ದಾರೆ. ವಿರೋಧ ಇಲ್ಲ. ಪೂರ್ಣ ಅರ್ಥದ ಸದ್ಗುಣ ಹುಟ್ಟಿನಿಂದ ಬರುವುದಿಲ್ಲ ಎಂದು 2ನೇ ಪುಸ್ತಕ ಹೇಳುತ್ತದೆ. ಅದಕ್ಕೆ ಬೇಕಾದ ಒಲವು ಹುಟ್ಟಿನಿಂದ ಬರಬಹುದು ಎಂದು 6ನೇ ಪುಸ್ತಕ ಸೇರಿಸುತ್ತದೆ. ನಮ್ಮಲ್ಲಿ ಸದ್ಗುಣವನ್ನು ಸ್ವೀಕರಿಸುವ ಶಕ್ತಿ ಸಹಜ, ಅದು ತುಂಬಿ ಬರುವುದು ರೂಢಿಯಿಂದ. ಒಲವು ಮತ್ತು ಪೂರ್ಣ ಸದ್ಗುಣದ ನಡುವೆ ಇರುವುದನ್ನು ಅವನು ವಿವೇಕ ಎನ್ನುತ್ತಾನೆ. ಅದು ಸೂತ್ರ ಗೊತ್ತಿರುವುದಲ್ಲ, ಎದುರಿನ ಈ ಬಾವಿ, ಈ ಮನುಷ್ಯ, ಈ ಹೊತ್ತು ಏನನ್ನು ಕೇಳುತ್ತಿದೆ ಎಂದು ಕಾಣುವುದು. ಹುಡುಗರು ಗಣಿತದಲ್ಲಿ ಪಂಡಿತರಾಗಬಹುದು, ವಿವೇಕಿಗಳಾಗುವುದಿಲ್ಲ, ಯಾಕೆಂದರೆ ವಿವೇಕಕ್ಕೆ ಬಿಡಿ ಬಿಡಿ ಸಂಗತಿಗಳ ಪರಿಚಯ ಬೇಕು, ಅದಕ್ಕೆ ಕಾಲ ಬೇಕು ಎಂದು ಅದೇ 6ನೇ ಪುಸ್ತಕದಲ್ಲಿದೆ.

ಬಹಳಷ್ಟು ಮಂದಿ ತಪ್ಪುವುದು ಇಲ್ಲಿ. ಬೆಚ್ಚಗಿನ ಹೃದಯದ ಮೇಲೆ ತಣ್ಣಗಿನ ತಲೆಯೊಂದನ್ನು ಕಾವಲಿಗೆ ಕೂರಿಸುವುದೇ ವಿವೇಕ ಎಂದುಕೊಳ್ಳುತ್ತಾರೆ. ಅರಿಸ್ಟಾಟಲ್ ಹಾಗೆ ಹೇಳಲಿಲ್ಲ. ಸರಿಯಾದ ವಿಚಾರಕ್ಕೆ ಅನುಗುಣವಾಗಿ ಇರುವುದಷ್ಟೇ ಸದ್ಗುಣವಲ್ಲ, ಸರಿಯಾದ ವಿಚಾರ ಒಳಗೇ ಕೂಡಿಕೊಂಡಿರುವುದು ಸದ್ಗುಣ ಎಂದು ಒತ್ತಿ ಹೇಳುತ್ತಾನೆ. ಅಂದರೆ ಕರುಣೆಯನ್ನು ತಡೆದು ಹಿಡಿಯುವ ಕೆಲಸ ವಿವೇಕದ್ದಲ್ಲ. ಕರುಣೆಗೇ ಕಣ್ಣು ಬರಬೇಕು.

ಬಾವಿಯ ದಂಡೆಯಲ್ಲಿ

ಆ ಕಣ್ಣು ಹೇಗಿರುತ್ತದೆ ಎಂದು ಬಾವಿಯ ಕೆಲಸದವರಲ್ಲಿ ನೋಡಬೇಕು. ಪೆರ್ಲದ ಆಚೆಯ ಒಂದು ಅಡಿಕೆ ತೋಟ. ಎರಡು ವರ್ಷ ಉಪಯೋಗಿಸದೆ ಬಿಟ್ಟ ಬಾವಿ, ಹದಿನೈದು ಕೋಲು ಆಳ, ಮೇಲೆ ಅಡಿಕೆ ಸೋಗೆ ಮುಚ್ಚಿ ಕಸ ತುಂಬಿದೆ. ರಾಟೆ ಕಟ್ಟಿ ಆಯಿತು. ಮನೆಯ ಹುಡುಗ, ಕಾಲೇಜಿಗೆ ಹೋಗುವವ, ಹಗ್ಗ ಹಿಡಿದು ಇಳಿಯಲು ಕಾಲು ಹಾಕಿದ್ದಾನೆ. ಬಾವಿ ಕೆಲಸದ ಹಿರಿಯ ಮನುಷ್ಯ ಅವನ ರಟ್ಟೆ ಹಿಡಿದು ಹಿಂದೆ ಎಳೆದ. ‘ದೀಪ ಹೋಗಿ ಬರಲಿ ಮಾರಾಯ. ನಿನಗೆ ಎಂತ ಅವಸರ?’ ಆಮೇಲೆ ಸಣ್ಣ ಚಿಮಿಣಿ ದೀಪವೊಂದನ್ನು ಬಕೆಟಿನಲ್ಲಿಟ್ಟು ಇಳಿಸಿದ. ಅರ್ಧದವರೆಗೆ ಜ್ವಾಲೆ ನೆಟ್ಟಗಿತ್ತು. ತಳಕ್ಕೆ ಆಳೆತ್ತರ ಇರುವಾಗ ಸಣ್ಣದಾಯಿತು, ಆಮೇಲೆ ಇಲ್ಲ. ಹಿರಿಯ ಯಾರಿಗೂ ಏನೂ ವಿವರಿಸಲಿಲ್ಲ. ಗೇರು ಮರದ ಎರಡು ದೊಡ್ಡ ಗೆಲ್ಲು ಕಡಿದು ತರಲು ಹೇಳಿದ, ಸೊಪ್ಪಿರುವ ಕಡೆ ಕೆಳಗಾಗಿ ಹಗ್ಗಕ್ಕೆ ಕಟ್ಟಿಸಿದ, ತಳದವರೆಗೆ ಬಿಟ್ಟು ಎಳೆದು, ಬಿಟ್ಟು ಎಳೆದು ಬಹಳ ಹೊತ್ತು ಮಾಡಿಸಿದ. ಕೊಡಪಾನಗಟ್ಟಲೆ ನೀರನ್ನು ಮೇಲಿಂದ ಎರಚಿಸಿದ. ಮತ್ತೆ ದೀಪ. ಈ ಸಲ ತಳದಲ್ಲಿ ಕೂತು ಉರಿಯಿತು. ಎರಡು ಮೂರು ನಿಮಿಷ ಹಾಗೇ ಬಿಟ್ಟು ನೋಡಿದ ಮೇಲೆಯೇ ಇಳಿದದ್ದು, ಇಳಿಯುವಾಗ ದೀಪವನ್ನೂ ಜತೆಗೆ ಒಯ್ದ, ಸೊಂಟಕ್ಕಿಂತ ಕೆಳಗೆ ತೂಗುವ ಹಾಗೆ ಕಟ್ಟಿಕೊಂಡು.

ಆ ಕೆಲಸದ ಒಂದೊಂದು ವಿವರಕ್ಕೂ ಕಾರಣವಿದೆ. ನಾವು ಉಸಿರಾಡುವ ಗಾಳಿಯಲ್ಲಿ ಆಮ್ಲಜನಕ ಶೇ. 20.9. ಕೆಲಸಕ್ಕೆ ಇಳಿಯಲು ಕಡಿಮೆ ಎಂದರೂ ಶೇ. 19.5 ಬೇಕು. ಕೊಳೆಯುವ ಸೊಪ್ಪು, ಬೇರು, ಮಣ್ಣಿನೊಳಗಿನ ಜೀವಿಗಳು ಅದನ್ನು ತಿಂದು ಇಂಗಾಲದ ಡೈಆಕ್ಸೈಡ್ ಬಿಡುತ್ತವೆ. ಅದು ಗಾಳಿಗಿಂತ ಸುಮಾರು ಒಂದೂವರೆ ಪಾಲು ಭಾರ, ಆದ್ದರಿಂದ ತಳದಲ್ಲಿ ನಿಲ್ಲುತ್ತದೆ. ದೀಪ ಸೊಂಟದ ಕೆಳಗೆ ಬೇಕಾದದ್ದು ಅದಕ್ಕೇ: ನಿಂತವನಿಗೆ ಏನೂ ಆಗದೆ, ಕೆಸರು ಬಾಚಲು ಬಗ್ಗಿದಾಗ ಮುಖ ಆ ಪದರದೊಳಗೆ ಹೋಗುತ್ತದೆ. ಜ್ವಾಲೆ ಆರುವುದು ಆಮ್ಲಜನಕ ಶೇ. 16ರ ಹತ್ತಿರ ಬಂದಾಗ. ಆ ಮಟ್ಟದಲ್ಲಿ ಮನುಷ್ಯ ಬೀಳುವುದಿಲ್ಲ, ಆದರೆ ಅವನ ನಿರ್ಣಯಶಕ್ತಿ ಆಗಲೇ ಮಂಕಾಗಿರುತ್ತದೆ. ಶೇ. 10ಕ್ಕೆ ಬಂದರೆ ಪ್ರಜ್ಞೆ ತಪ್ಪುತ್ತದೆ, 6ಕ್ಕೆ ಬಂದರೆ ಕೆಲವೇ ನಿಮಿಷಗಳಲ್ಲಿ ಮುಗಿಯುತ್ತದೆ. ಬರೀ ಆಮ್ಲಜನಕ ಕಡಿಮೆಯಾದರೆ ಉಸಿರುಗಟ್ಟಿದ ಅನುಭವವೂ ಆಗುವುದಿಲ್ಲ, ಯಾಕೆಂದರೆ ಆ ಎಚ್ಚರಿಕೆಯನ್ನು ದೇಹ ಮುಖ್ಯವಾಗಿ ಇಂಗಾಲದ ಡೈಆಕ್ಸೈಡ್ ಏರಿದಾಗ ಕೊಡುತ್ತದೆ. ಕೈಕಾಲಿನ ಬಲ ಹೋಗಿರುತ್ತದೆ, ಹಗ್ಗ ಎದುರಿಗಿದ್ದರೂ ಹಿಡಿಯಲಾಗುವುದಿಲ್ಲ. ಇನ್ನೂ ಒಂದು ವಿಷಯ ತಿಳಿದಿರಬೇಕು. ಡೀಸೆಲ್ ಪಂಪನ್ನು ಬಾವಿಯೊಳಗೆ ಇಳಿಸಿ ನೀರು ಖಾಲಿ ಮಾಡಿದ ಬಾವಿಗೆ ದೀಪದ ಪರೀಕ್ಷೆ ಸಾಲದು. ಆ ಹೊಗೆಯ ಕಾರ್ಬನ್ ಮಾನಾಕ್ಸೈಡ್ ಇದ್ದರೂ ದೀಪ ಚೆನ್ನಾಗಿಯೇ ಉರಿಯುತ್ತದೆ. ಶೌಚದ ಗುಂಡಿಗೆ, ಪೆಟ್ರೋಲ್ ವಾಸನೆ ಇರುವ ಕಡೆಗೆ ದೀಪ ಇಳಿಸಲೇಬಾರದು, ಬೆಂಕಿ ಹಿಡಿಯುತ್ತದೆ. ಅಂಥಲ್ಲಿ ಗ್ಯಾಸ್ ಅಳೆಯುವ ಮೀಟರ್ ಇರುವವರೇ ಬರಬೇಕು.

ಅಮೆರಿಕದ ವೃತ್ತಿ ಸುರಕ್ಷತಾ ಸಂಶೋಧನಾ ಸಂಸ್ಥೆ 1986ರಲ್ಲಿ ಒಂದು ಎಚ್ಚರಿಕೆ ಹೊರಡಿಸಿತ್ತು: ಇಂಥ ಇಕ್ಕಟ್ಟಿನ ಜಾಗಗಳಲ್ಲಿ ಸತ್ತವರಲ್ಲಿ ಶೇ. 60ಕ್ಕಿಂತ ಹೆಚ್ಚು ಮಂದಿ ಉಳಿಸಲು ಹೋದವರು. ಈ ಅಂಕಿ ಒಳ್ಳೆಯತನದ ಬಗ್ಗೆ ಕೂಡ ಏನೋ ಹೇಳುತ್ತದೆ. ಅಲ್ಲಿ ಕೊರತೆ ಇದ್ದದ್ದು ಕರುಣೆಯದಲ್ಲ, ಧೈರ್ಯದ್ದೂ ಅಲ್ಲ. ಇನ್ನು ಆ ಹಿರಿಯ ಮನುಷ್ಯನನ್ನು ನೋಡಿ. ಒಳಗೆ ಯಾರಾದರೂ ಬಿದ್ದಿದ್ದರೆ ಅವನೂ ತಡಮಾಡುತ್ತಿರಲಿಲ್ಲ. ಆದರೆ ಅವನ ಅವಸರವೆಲ್ಲ ಗೆಲ್ಲು ಕಡಿಯುವುದರಲ್ಲಿ, ನೀರು ಎರಚುವುದರಲ್ಲಿ, ಹಗ್ಗವನ್ನು ಸೊಂಟಕ್ಕಲ್ಲ ಎದೆಗೆ, ಕಂಕುಳ ಕೆಳಗಿಂದ ಸುತ್ತಿ ಕಟ್ಟುವುದರಲ್ಲಿ ಹೋಗುತ್ತಿತ್ತು. ಸೊಂಟಕ್ಕೆ ಕಟ್ಟಿ ಎಳೆದರೆ ಪ್ರಜ್ಞೆಯಿಲ್ಲದ ಮೈ ಎರಡಾಗಿ ಮಡಚಿ ಕಲ್ಲಿಗೆ ಸಿಕ್ಕಿಕೊಳ್ಳುತ್ತದೆ. ಮೇಲೆ ಹಗ್ಗಕ್ಕೆ ಮೂರು ನಾಲ್ಕು ಜನ ಇಲ್ಲದೆ ಅವನು ಇಳಿಯುತ್ತಲೂ ಇರಲಿಲ್ಲ. ದಂಡೆಯಲ್ಲಿ ನಿಂತವರಿಗೆ ಇದು ನಿಧಾನ ಎಂದು ಕಾಣಬಹುದು. ನನಗೆ ಇದು ಹಾರಿದವನಲ್ಲಿದ್ದ ಅದೇ ಕರುಣೆ, ದಾರಿ ಗೊತ್ತಿರುವ ಕರುಣೆ ಎನಿಸುತ್ತದೆ.

ಒಂದಿದ್ದು ಒಂದಿಲ್ಲದಾಗ

ಸಹಜ ಗುಣಕ್ಕೆ ಇನ್ನೊಂದು ಲಕ್ಷಣವಿದೆ, ಅರಿಸ್ಟಾಟಲ್ ಅದನ್ನೂ ಹೇಳಿದ್ದಾನೆ. ಅವು ಬಿಡಿ ಬಿಡಿಯಾಗಿ ಬರುತ್ತವೆ. ಒಬ್ಬನಿಗೆ ಔದಾರ್ಯ ಇದ್ದು ದೃಢತೆ ಇಲ್ಲ, ಇನ್ನೊಬ್ಬನಿಗೆ ಧೈರ್ಯ ಇದ್ದು ತಾಳ್ಮೆ ಇಲ್ಲ. ಪೂರ್ಣ ಸದ್ಗುಣ ಹಾಗಲ್ಲ, ವಿವೇಕ ಎಂಬ ಒಂದು ಬಂದರೆ ಉಳಿದವೆಲ್ಲ ಅದರೊಂದಿಗೆ ಬರುತ್ತವೆ ಎನ್ನುವುದು ಅವನ ನಿಲುವು. ಎರಡನೆಯ ಮಾತನ್ನು ಪೂರ್ತಿ ಒಪ್ಪುವುದು ಕಷ್ಟ, ಆದರೆ ಮೊದಲನೆಯದು ನಿತ್ಯ ಕಾಣುವಂಥದ್ದು. ಪ್ರತಿ ಊರಿನಲ್ಲೂ ಬ್ಯಾಂಕಿನ ಸಾಲಕ್ಕೆ ಯಾರು ಕೇಳಿದರೂ ಜಾಮೀನು ಹಾಕುವ ಒಬ್ಬರು ಇರುತ್ತಾರೆ. ‘ಪಾಪ, ಅವ ಎಲ್ಲಿ ಹೋಗ್ತಾನೆ’ ಎಂದು ಹೇಳಿ ಸಹಿ ಹಾಕುತ್ತಾರೆ. 1872ರ ಭಾರತೀಯ ಕರಾರು ಕಾಯ್ದೆಯ 128ನೇ ಸೆಕ್ಷನ್ ಪ್ರಕಾರ, ಬೇರೆ ಕರಾರು ಇಲ್ಲದಿದ್ದರೆ, ಜಾಮೀನುದಾರನ ಹೊಣೆ ಸಾಲಗಾರನ ಹೊಣೆಯಷ್ಟೇ. ಬ್ಯಾಂಕು ಮೊದಲು ಸಾಲಗಾರನ ಬೆನ್ನು ಹತ್ತಿ, ಅವನಿಂದ ಆಗದಿದ್ದರೆ ಮಾತ್ರ ಇವರ ಹತ್ತಿರ ಬರಬೇಕೆಂದಿಲ್ಲ. ನೋಟಿಸು ನೇರ ಇವರ ಮನೆಗೇ ಬರಬಹುದು. ಬಂದಾಗ ಮಾರಬೇಕಾದದ್ದು ಹೆಂಡತಿಯ ಬಳೆ, ಮಗಳ ಓದಿನ ದುಡ್ಡು. ಆ ಔದಾರ್ಯ ನಿಜ. ಆದರೆ ಕೊಟ್ಟದ್ದು ತನ್ನದಷ್ಟನ್ನೇ ಅಲ್ಲ, ಕೇಳದೆ ಇನ್ನೊಬ್ಬರದ್ದನ್ನೂ. ಔದಾರ್ಯದ ಪಕ್ಕದಲ್ಲಿ ನ್ಯಾಯ ಇರಬೇಕಿತ್ತು.

ಇದರ ಮಗ್ಗುಲಿಗೇ ಅರಿಸ್ಟಾಟಲ್ ಇಡುವ ಇನ್ನೊಂದು ಜೋಡಿಯನ್ನು ಮರೆಯಬಾರದು. ಒಲವು ಇದ್ದು ವಿವೇಕ ಇಲ್ಲದ್ದು ಸಹಜ ಸದ್ಗುಣ. ಗುರಿ ಮುಟ್ಟುವ ಉಪಾಯ ಎಲ್ಲ ಗೊತ್ತಿದ್ದು ಒಳ್ಳೆಯ ಒಲವೇ ಇಲ್ಲದ್ದು ಬರಿಯ ಜಾಣತನ. ಗುರಿ ಕೆಟ್ಟದ್ದಾದರೆ ಅದು ಕುಟಿಲತನ. ಗುಂಡಿಯೊಳಗೆ ಗಾಳಿ ಕೆಟ್ಟಿದೆ ಎಂದು ಚೆನ್ನಾಗಿ ಗೊತ್ತಿದ್ದು, ತಾನು ದಂಡೆಯಲ್ಲಿ ನಿಂತು, ದೂರದ ಊರಿನಿಂದ ಬಂದ ಕೂಲಿಯವನನ್ನು ಇಳಿಸುವ ಗುತ್ತಿಗೆದಾರನಿಗೆ ತಿಳಿವಳಿಕೆಯ ಕೊರತೆ ಇಲ್ಲ. ರಕ್ಷಣಾ ಸಲಕರಣೆ ಇಲ್ಲದೆ ಒಳಚರಂಡಿಗೆ, ಶೌಚದ ಗುಂಡಿಗೆ ಮನುಷ್ಯನನ್ನು ಇಳಿಸುವುದು 2013ರ ಮಲ ಹೊರುವ ಪದ್ಧತಿ ನಿಷೇಧ ಕಾಯ್ದೆಯ ಪ್ರಕಾರ ಅಪರಾಧ, ಅದೂ ಅವನಿಗೆ ತಿಳಿದಿರುತ್ತದೆ. ಅವನ ಪಕ್ಕದಲ್ಲಿ ಹಾರಿದವನನ್ನು ನಿಲ್ಲಿಸಿದರೆ ಇಬ್ಬರಲ್ಲೂ ಏನೋ ಅರ್ಧ ಇದೆ ಎನ್ನಬಹುದು, ಆದರೆ ಎರಡು ಅರ್ಧಗಳು ಸಮ ಅಲ್ಲ. ಒಲವು ಇದ್ದವನಿಗೆ ದೀಪ ಇಳಿಸುವುದನ್ನು ಒಂದು ಮಧ್ಯಾಹ್ನದಲ್ಲಿ ಕಲಿಸಬಹುದು. ಗುತ್ತಿಗೆದಾರನಿಗೆ ಕಲಿಸಬೇಕಾದದ್ದು ಏನು, ಎಲ್ಲಿಂದ ಶುರು ಮಾಡುವುದು ಎಂದೇ ತಿಳಿಯುವುದಿಲ್ಲ.

ಮೊಳಕೆಯೂ ಎತ್ತೂ

ಅರಿಸ್ಟಾಟಲ್ ಬದುಕಿದ್ದ ಕ್ರಿ.ಪೂ. 4ನೇ ಶತಮಾನದಲ್ಲೇ ಚೀನಾದಲ್ಲಿ ಮೆನ್ಸಿಯಸ್ ಇದನ್ನೇ ಆಲೋಚಿಸುತ್ತಿದ್ದ, ಒಬ್ಬರ ಸುದ್ದಿ ಇನ್ನೊಬ್ಬರಿಗೆ ಇಲ್ಲದೆ. ಅವನ ಪ್ರಸಿದ್ಧ ಉದಾಹರಣೆಯೂ ಬಾವಿಯದೇ. ಮಗುವೊಂದು ಬಾವಿಗೆ ಬೀಳುವುದರಲ್ಲಿದೆ ಎಂದು ತಟ್ಟನೆ ಕಂಡ ಯಾವ ಮನುಷ್ಯನ ಎದೆಯೂ ಧಸಕ್ ಎನ್ನುತ್ತದೆ. ಮಗುವಿನ ಅಪ್ಪ ಅಮ್ಮನ ಸ್ನೇಹ ಗಳಿಸಲು ಅಲ್ಲ, ಊರವರ ಹೊಗಳಿಕೆಗೆ ಅಲ್ಲ, ಆ ಅಳು ಕೇಳಲಾಗದೆಯೂ ಅಲ್ಲ. ಇದು ಕರುಣೆಯ ಮೊಳಕೆ. ಹೀಗೆಯೇ ನಾಚಿಕೆ, ವಿನಯ, ಸರಿ ತಪ್ಪಿನ ಅರಿವು ಎಂದು ಒಟ್ಟು ನಾಲ್ಕು ಮೊಳಕೆಗಳು, ಕೈಕಾಲು ಇರುವ ಹಾಗೆ ಎಲ್ಲರಲ್ಲೂ ಇರುವಂಥವು. ಮೆನ್ಸಿಯಸ್ ಜಾಣ್ಮೆಯಿಂದ ಅಲ್ಲೇ ನಿಲ್ಲುತ್ತಾನೆ. ಎದೆ ಧಸಕ್ ಎಂದಿತು ಎನ್ನುತ್ತಾನೆಯೇ ಹೊರತು, ನೋಡಿದವನು ಏನು ಮಾಡಿದ ಎಂದು ಹೇಳುವುದಿಲ್ಲ. ಮೊಳಕೆ ಇದೆ ಎಂದರೆ ಫಸಲು ಕೈಗೆ ಬಂತು ಎಂದಲ್ಲ.

ಮೊಳಕೆ ಎಷ್ಟು ಹತ್ತಿರ ಮಾತ್ರ ನೋಡುತ್ತದೆ ಎನ್ನುವುದಕ್ಕೆ ಅವನದೇ ಇನ್ನೊಂದು ಪ್ರಸಂಗವಿದೆ. ಚಿ ರಾಜ್ಯದ ಶ್ವಾನ್ ದೊರೆ, ಹೊಸ ಗಂಟೆಗೆ ರಕ್ತ ಬಳಿಯಲು ಬಲಿಗೆ ಒಯ್ಯುತ್ತಿದ್ದ ಎತ್ತಿನ ನಡುಕ ನೋಡಲಾರದೆ ಅದನ್ನು ಬಿಡಿಸುತ್ತಾನೆ, ಬದಲಿಗೆ ಕುರಿ ಕೊಡಿ ಎನ್ನುತ್ತಾನೆ. ಜನ ದೊರೆಯನ್ನು ಜಿಪುಣ ಎಂದರು. ಮೆನ್ಸಿಯಸ್ ಹಾಗೆನ್ನಲಿಲ್ಲ: ಎತ್ತನ್ನು ನೀನು ಕಂಡೆ, ಕುರಿಯನ್ನು ಕಾಣಲಿಲ್ಲ. ಆ ಮರುಕ ಸುಳ್ಳಲ್ಲ, ಅದೇ ನಿನ್ನಲ್ಲಿರುವ ದಾರಿ. ಆದರೆ ಪ್ರಾಣಿಯವರೆಗೆ ಮುಟ್ಟಿದ ಕರುಣೆ ನಿನ್ನ ಪ್ರಜೆಗಳನ್ನು ಯಾಕೆ ಮುಟ್ಟಲಿಲ್ಲ? ಅದು ಆಗದ್ದಲ್ಲ, ನೀನು ಮಾಡದ್ದು.

ಕಾಸರಗೋಡಿನಲ್ಲಿ ಕೂತವರಿಗೆ ಈ ಪ್ರಶ್ನೆ ಕೇಳಿದೊಡನೆ ಎಂಡೋಸಲ್ಫಾನ್ ಎಂಬ ಕೀಟನಾಶಕ ನೆನಪಾಗುವುದು ಸಹಜ. 1970ರ ದಶಕದ ಉತ್ತರಾರ್ಧದಿಂದ 2000ದವರೆಗೆ ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಸಿಂಪಡಿಸಿದ್ದು ಅದನ್ನು. ಮೇಲಿನಿಂದ ಮರ ಕಾಣುತ್ತದೆ, ಮನೆಯ ಅಂಗಳ ಕಾಣುವುದಿಲ್ಲ, ಮುಚ್ಚದ ಬಾವಿ, ಸುರಂಗದ ನೀರಿನ ಮದಕ ಕಾಣುವುದಿಲ್ಲ. ಎಣ್ಮಕಜೆಯ ಮಕ್ಕಳ ಚಿತ್ರಗಳು ಪತ್ರಿಕೆಯಲ್ಲಿ ಬಂದ ಮೇಲೆ ದೇಶವೇ ಮರುಗಿತು, ಬಟ್ಟೆ ಬಂತು, ಅಕ್ಕಿ ಬಂತು. ಸುಪ್ರೀಂ ಕೋರ್ಟು 2011ರ ಮೇ 13ರಂದು ಮಧ್ಯಂತರ ನಿಷೇಧ ಹೇರಿತು, 2017ರ ಜನವರಿಯಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಮೂರು ತಿಂಗಳೊಳಗೆ ಕೊಡುವಂತೆ ಕೇರಳ ಸರಕಾರಕ್ಕೆ ಹೇಳಿತು. ಆದರೆ ಮಲಗಿದಲ್ಲೇ ಇರುವ ಮಗನಿಗೆ ಮೂವತ್ತು ವರ್ಷ ಬೆಳಿಗ್ಗೆ ಸಂಜೆ ಬೇಕಾದದ್ದು ಮದ್ದು, ತಿಂಗಳ ಪಿಂಚಣಿ, ಅಮ್ಮ ಒಂದು ದಿನ ಕಾಯಿಲೆ ಬಿದ್ದರೆ ನೋಡಿಕೊಳ್ಳುವ ಕೈ. ಚಿತ್ರ ನೋಡಿ ಹುಟ್ಟಿದ ಮರುಕಕ್ಕೆ ಅಷ್ಟು ದೂರ ನಡೆಯುವ ಉಸಿರು ಇರುವುದಿಲ್ಲ. ಅದು ಸುಳ್ಳು ಮರುಕ ಆದದ್ದರಿಂದಲ್ಲ, ಕಣ್ಣೆದುರು ಇದ್ದದ್ದಕ್ಕೆ ಮಾತ್ರ ಮಿಡಿಯುವುದು ಅದರ ಸ್ವಭಾವವಾದ್ದರಿಂದ.

ತೋಡಿಗೆ ಕಟ್ಟ

ಸಹಜ ಸದ್ಗುಣ ಎಂಬ ಮಾತಿಗೆ ಹದಿನೆಂಟನೆಯ ಶತಮಾನದಲ್ಲಿ ಬೇರೆಯೇ ಅರ್ಥ ಕೊಟ್ಟವನು ಸ್ಕಾಟ್ಲೆಂಡಿನ ಡೇವಿಡ್ ಹ್ಯೂಮ್. 1740ರಲ್ಲಿ ಹೊರಬಂದ ಅವನ ಗ್ರಂಥದ 3ನೇ ಸಂಪುಟದಲ್ಲಿ ಸದ್ಗುಣಗಳು ಎರಡು ಬಗೆ. ದಯೆ, ಔದಾರ್ಯ, ಮಕ್ಕಳ ಮೇಲಿನ ಮಮತೆ ಇಂಥವು ಸಹಜ. ಯಾವ ಒಪ್ಪಂದವೂ ಇಲ್ಲದೆ ಇವನ್ನು ನಾವು ಮೆಚ್ಚುತ್ತೇವೆ. ಆಸ್ತಿಯ ನ್ಯಾಯ, ಕೊಟ್ಟ ಮಾತು, ರಾಜ್ಯಕ್ಕೆ ವಿಧೇಯತೆ, ಇವು ಮನುಷ್ಯರು ಕೂಡಿ ಕಟ್ಟಿಕೊಂಡ ಪದ್ಧತಿಯಿಂದ ಬಂದವು, ಆದ್ದರಿಂದ ಕೃತಕ. ಕೃತಕ ಎಂದರೆ ಅವನಲ್ಲಿ ಸುಳ್ಳು ಎಂದಲ್ಲ. ವ್ಯತ್ಯಾಸ ಎಲ್ಲಿ? ಸಹಜ ಗುಣದ ಪ್ರತಿಯೊಂದು ಕೆಲಸವೂ ತನ್ನಷ್ಟಕ್ಕೆ ಒಳ್ಳೆಯದು ಮಾಡುತ್ತದೆ. ಕೃತಕ ಗುಣದ ಒಂದು ಬಿಡಿ ಕೆಲಸದಿಂದ ಏನೂ ಆಗದಿರಬಹುದು, ಕೆಟ್ಟದ್ದೂ ಆಗಬಹುದು. ಎಲ್ಲರೂ ಸೇರಿ ನಡೆಸಿದಾಗ ಮಾತ್ರ ಒಳಿತು. 1751ರ ಪುಸ್ತಕದಲ್ಲಿ ಅವನು ಇದನ್ನು ಕಟ್ಟಡಕ್ಕೆ ಹೋಲಿಸುತ್ತಾನೆ: ದಯೆ ಗೋಡೆಯಂತೆ, ಇಟ್ಟ ಪ್ರತಿ ಕಲ್ಲೂ ಅದನ್ನು ಎತ್ತರಿಸುತ್ತದೆ, ನ್ಯಾಯ ಕಮಾನಿನಂತೆ, ಒಂದೊಂದೇ ಕಲ್ಲು ನಿಲ್ಲದು, ಒಂದಕ್ಕೊಂದು ಒತ್ತಿಕೊಂಡರೆ ಮಾತ್ರ ನಿಲ್ಲುತ್ತದೆ.

ಕಾಸರಗೋಡಿನ ಏತಡ್ಕದಂಥ ಊರುಗಳಲ್ಲಿ ತೋಡಿಗೆ, ಅಂದರೆ ಹಳ್ಳಕ್ಕೆ, ಕಟ್ಟ ಎಂಬ ತಾತ್ಕಾಲಿಕ ಒಡ್ಡು ಹಾಕುವುದನ್ನು ಕಂಡವರಿಗೆ ಹ್ಯೂಮ್ ಬಹಳ ಹತ್ತಿರದವನು. ಮಳೆ ಬಿಟ್ಟು, ತುಲಾ ಮಳೆಯ ಭಯವೂ ಕಳೆದು, ತೋಡಿನ ಹರಿವು ಇಳಿಯುವ ಹೊತ್ತು ನೋಡಿ, ನವೆಂಬರ್ ಕೊನೆಯಿಂದ ಡಿಸೆಂಬರಿನೊಳಗೆ ಕಟ್ಟಬೇಕು. ಬೇಗ ಕಟ್ಟಿದರೆ ಒಂದು ದೊಡ್ಡ ಮಳೆಗೆ ಕೊಚ್ಚಿಹೋಗುತ್ತದೆ, ತಡವಾದರೆ ನಿಲ್ಲಿಸಲು ನೀರೇ ಇರುವುದಿಲ್ಲ. ಎರಡು ಸಾಲು ಕಲ್ಲು, ನಡುವೆ ತುಳಿದು ಗಟ್ಟಿ ಮಾಡಿದ ಅಂಟು ಮಣ್ಣು. ಈಗ ಹಲವರು ಹೊಯಿಗೆ (ಮರಳು) ತುಂಬಿದ ಚೀಲ, ಪ್ಲಾಸ್ಟಿಕ್ ಹಾಳೆ ಬಳಸುತ್ತಾರೆ. ಬಿಸಿಲಿಗೆ ಚೀಲ ಹರಿಯುತ್ತದೆ, ಅದೊಂದು ತೊಂದರೆ. ಅಡಿಯ ಹೊಯಿಗೆ ಬಾಚಿ ಗಟ್ಟಿ ನೆಲ ಮುಟ್ಟದೆ ಕಟ್ಟಿದರೆ ಮೇಲೆ ಎಷ್ಟು ಚಂದ ಕಂಡರೂ ನೀರು ಅಡಿಯಿಂದಲೇ ಹೋಗುತ್ತದೆ. ಜೂನ್‌ಗೆ ಮೊದಲು ಬಿಡಿಸಿಬಿಡಬೇಕು, ಇಲ್ಲದಿದ್ದರೆ ನೆರೆ ತೋಟಕ್ಕೆ ನುಗ್ಗುತ್ತದೆ. ಮುಖ್ಯವಾಗಿ, ಒಂದೇ ಕಟ್ಟದಿಂದ ಹೆಚ್ಚು ಪ್ರಯೋಜನವಿಲ್ಲ. ಒಂದರ ಕೆಳಗೆ ಒಂದು ಸಾಲಾಗಿ ಇದ್ದರೆ ಇಡೀ ಬಯಲಿನ ಬಾವಿಗಳಲ್ಲಿ ನೀರು ಏರುತ್ತದೆ. ಮೇಲಿನವನು ತುಂಬಿದ ಮೇಲೆ ಕೆಳಗಿನವನಿಗೆ ಬಿಡಬೇಕು. ಹ್ಯೂಮ್ ಕೂಡ ಇಂಥದೇ ಒಂದು ಉದಾಹರಣೆ ಕೊಡುತ್ತಾನೆ: ಇಬ್ಬರು ನೆರೆಹೊರೆಯವರು ಸೇರಿ ಹುಲ್ಲುಗಾವಲಿನ ನೀರು ಬಸಿಯುವುದು ಸುಲಭ, ಒಬ್ಬ ಕೈಬಿಟ್ಟರೆ ಕೆಲಸವೇ ಕೆಡುತ್ತದೆ ಎಂದು ಇಬ್ಬರಿಗೂ ಗೊತ್ತು, ಸಾವಿರ ಜನ ಸೇರಿದರೆ ಪ್ರತಿಯೊಬ್ಬನೂ ತನ್ನ ಭಾರ ಇನ್ನೊಬ್ಬನ ಮೇಲೆ ಹಾಕಲು ನೆಪ ಹುಡುಕುತ್ತಾನೆ. ಕೊಳವೆಬಾವಿ ಬಂದ ಮೇಲೆ ಎಷ್ಟೋ ತೋಡುಗಳಲ್ಲಿ ಕಟ್ಟ ನಿಂತುಹೋದದ್ದಕ್ಕೆ ಇದೂ ಒಂದು ಕಾರಣ. ತನ್ನ ನೀರು ತನಗೆ ಸಿಕ್ಕಿದವನಿಗೆ ಕೆಳಗಿನವನ ನೆನಪು ತಪ್ಪಿತು. ಅವನು ದುಷ್ಟನಾಗಿರಲಿಲ್ಲ. ಕೆಳಗಿನವನ ಮಗು ತೋಡಿಗೆ ಬಿದ್ದರೆ ಅವನೇ ಮೊದಲು ಹಾರುತ್ತಿದ್ದ.

ಹ್ಯೂಮ್‌ನ ಈ ವಿಂಗಡಣೆ ಚೆನ್ನಾಗಿದೆ, ಆದರೆ ಬಾವಿಯ ದಂಡೆಯಲ್ಲಿ ಅದು ಸಡಿಲವಾಗುತ್ತದೆ ಎಂದು ನನ್ನ ಅಭಿಪ್ರಾಯ. ದಯೆಯ ಪ್ರತಿ ಕೆಲಸವೂ ತನ್ನಷ್ಟಕ್ಕೆ ಒಳಿತು ಮಾಡುತ್ತದೆ ಎನ್ನುವುದು ಹಸಿದವನಿಗೆ ಅನ್ನ ಕೊಡುವಾಗ ನಿಜ. ಬಾವಿಗೆ ಒಬ್ಬನೇ ಹಾರುವಾಗ ನಿಜವಲ್ಲ. ಅಲ್ಲಿ ದಯೆಯೂ ಕಮಾನಿನ ಕಲ್ಲೇ: ಮೇಲೆ ಹಗ್ಗ ಹಿಡಿಯುವವರು, ದೀಪ ಇಳಿಸುವ ರೂಢಿ, ‘ಇಳಿಯಬೇಡ’ ಎಂದು ರಟ್ಟೆ ಹಿಡಿಯಲು ಹಕ್ಕುಳ್ಳ ಒಬ್ಬ ಹಿರಿಯ, 101ಕ್ಕೆ ಫೋನು ಮಾಡಿ ಫಯರ್ ಫೋರ್ಸಿಗೆ ದಾರಿ ಸರಿಯಾಗಿ ಹೇಳುವವನು, ಇವರೆಲ್ಲ ಇದ್ದರೆ ಅದು ನಿಲ್ಲುತ್ತದೆ. ಅರಿಸ್ಟಾಟಲ್ ವಿವೇಕವನ್ನು ಒಬ್ಬ ಮನುಷ್ಯನೊಳಗೆ ಇಟ್ಟ. ಆದರೆ ಅದರ ದೊಡ್ಡ ಪಾಲು ಊರಿನ ರೂಢಿಯಲ್ಲಿ, ಸಲಕರಣೆಯಲ್ಲಿ, ಯಾರ ಮಾತನ್ನು ಯಾರು ಕೇಳಬೇಕು ಎನ್ನುವ ಒಪ್ಪಂದದಲ್ಲಿ ಇರುತ್ತದೆ. ಬಾವಿ ಕೆಲಸದ ಹಳಬರು ಹೋಗಿ, ಅವರ ಮಕ್ಕಳು ಗಲ್ಫಿಗೆ ಹೋಗಿ, ಆ ರೂಢಿ ತಪ್ಪಿದ ಊರಿನಲ್ಲಿ ಹಾರುವ ಹುಡುಗನ ಮನಸ್ಸು ಮೊದಲಿನಂತೆಯೇ ಇದೆ. ಅವನ ಸುತ್ತಲಿದ್ದದ್ದು ಹೋಗಿದೆ. ಆದ್ದರಿಂದ ‘ಆಲೋಚನೆ ಮಾಡಬೇಕಿತ್ತು’ ಎಂಬ ಮಾತನ್ನು ಸತ್ತವನಿಗೆ ಹೇಳುವುದು ಅನ್ಯಾಯ. ಆ ಆಲೋಚನೆಯನ್ನು ಅವನಿಗಾಗಿ ಮೊದಲೇ ಮಾಡಿಡಬೇಕಾದದ್ದು ಊರು, ಪಂಚಾಯತು, ಶಾಲೆ.

ತರಬೇತಿ ಒಂದೇ ಸಾಕೇ

ಹೀಗೆ ಹೇಳಿದರೆ ಜರ್ಮನಿಯ ತತ್ತ್ವಜ್ಞಾನಿ ಕಾಂಟ್‌ನ ಕಡೆಯವರಿಗೆ ಸಂತೋಷವಾಗಬಹುದು. ಮರುಗುವ ಸ್ವಭಾವದಿಂದಲೇ ಒಳ್ಳೆಯದು ಮಾಡುವವನು ಹೊಗಳಿಕೆಗೆ, ಪ್ರೋತ್ಸಾಹಕ್ಕೆ ಅರ್ಹ, ಆದರೆ ಅವನ ಕೆಲಸಕ್ಕೆ ನಿಜವಾದ ನೈತಿಕ ಮೌಲ್ಯವಿಲ್ಲ. ಆ ಒಲವು ಅದೃಷ್ಟವಶಾತ್ ಒಳಿತಿನ ಕಡೆಗೆ ತಿರುಗಿದೆ ಅಷ್ಟೇ ಎಂದು 1785ರಲ್ಲಿ ಅವನು ಬರೆದ. ಅದೃಷ್ಟದ ಮಾತು ಸರಿ, ಬಾವಿಯಲ್ಲಿ ಅದು ಕಣ್ಣಿಗೆ ಕಟ್ಟುತ್ತದೆ. ಆದರೆ ಒಲವನ್ನು ಬದಿಗಿಟ್ಟು ಕರ್ತವ್ಯದ ಅರಿವನ್ನೇ ನೆಚ್ಚಿಕೊಂಡರೆ ಸಾಕು ಎನ್ನುವುದನ್ನು ಒಪ್ಪಲಾಗುವುದಿಲ್ಲ. ಇಲ್ಲಿ ಅರಿಸ್ಟಾಟಲ್‌ನ 3ನೇ ಪುಸ್ತಕದ 8ನೇ ಅಧ್ಯಾಯ ಬೇಕು. ಧೈರ್ಯದಂತೆ ಕಾಣುವ ಐದು ಬಗೆಗಳಲ್ಲಿ ಒಂದು ಅನುಭವದ್ದು, ಕೂಲಿ ಸೈನಿಕರದ್ದು. ಅವರಿಗೆ ಆಯುಧ ಗೊತ್ತು, ಯಾವ ಗದ್ದಲ ಹುಸಿ ಎಂದು ಗೊತ್ತು, ಆದ್ದರಿಂದ ಮುಂದೆ ನಿಲ್ಲುತ್ತಾರೆ. ಅಪಾಯ ತಮ್ಮ ಲೆಕ್ಕಕ್ಕಿಂತ ಮೀರಿತೆಂದರೆ ಓಡುವವರೂ ಅವರೇ ಮೊದಲು. ಊರಿನವರು ನಿಂತಲ್ಲೇ ಸಾಯುತ್ತಾರೆ. ಇನ್ನೊಂದು ಬಗೆ ಎದೆಯ ಬಿಸಿಯದ್ದು. ಅದೇ ಎಲ್ಲಕ್ಕಿಂತ ಸಹಜವಾದದ್ದು, ಅದಕ್ಕೆ ಆಯ್ಕೆಯೂ ಗುರಿಯೂ ಸೇರಿದರೆ ಅದು ಧೈರ್ಯವೇ ಆಗುತ್ತದೆ ಎನ್ನುತ್ತಾನೆ. ಅನುಭವದ ಬಗೆಯ ಬಗ್ಗೆ ಅವನು ಹಾಗೆ ಹೇಳಲಿಲ್ಲ.

ಅಗ್ನಿಶಾಮಕ ದಳದವರು ಉಸಿರಾಟದ ಸಿಲಿಂಡರ್ ಬೆನ್ನಿಗೆ ಹಾಕಿಕೊಂಡು ಇಳಿಯುವಾಗ ಈ ಎರಡೂ ಒಟ್ಟಿಗೆ ಬೇಕಾಗುತ್ತವೆ. ಸಿಲಿಂಡರ್ ತುಂಬಿದಾಗ ಸಾಮಾನ್ಯವಾಗಿ 300 ಬಾರ್ ಒತ್ತಡ, ಕಷ್ಟದ ಕೆಲಸದಲ್ಲಿ ಸುಮಾರು ಅರ್ಧ ಗಂಟೆಗೆ ಬರುತ್ತದೆ. ಒತ್ತಡ 55 ಬಾರ್‌ನ ಆಸುಪಾಸಿಗೆ ಇಳಿದಾಗ ಸೀಟಿ ಕೂಗುತ್ತದೆ. ಆಗ ಹೊರಗೆ ಬರಲೇಬೇಕು, ಬಿದ್ದವನ ಕೈ ಒಂದು ಮಾರು ದೂರದಲ್ಲಿ ಕಂಡರೂ ಬರಬೇಕು. ಸಹಜ ಕರುಣೆ ಇನ್ನೊಂದು ನಿಮಿಷ ಎನ್ನುತ್ತದೆ. ಬರಿಯ ತರಬೇತಿ ಇದ್ದವನು ಸೀಟಿಗೆ ಮೊದಲೇ ನೆಪ ಹುಡುಕಬಹುದು. ಸೀಟಿ ಕೇಳಿದ ಮೇಲೆ ಹತ್ತಿ ಬಂದು, ಸಿಲಿಂಡರ್ ಬದಲಿಸಿ, ಒಳಗೆ ಕಂಡದ್ದನ್ನು, ಹಗ್ಗ ಎಲ್ಲಿ ಸಿಕ್ಕಿಕೊಳ್ಳುತ್ತದೆ, ಕಾಲಿಡಲು ಎಲ್ಲಿ ಜಾಗವಿದೆ ಎನ್ನುವುದನ್ನು ಜತೆಯವನಿಗೆ ಸರಿಯಾಗಿ ಹೇಳಿ ಮತ್ತೆ ಇಳಿಯುವವನಲ್ಲಿ ಇರುವುದು ಯಾವುದು? ಅದರಲ್ಲಿ ಎಷ್ಟು ಪಾಲು ಅವನು ಹುಟ್ಟುವಾಗ ತಂದದ್ದು, ಎಷ್ಟು ಅವನಿಗೆ ಕಲಿಸಿದ್ದು, ಎಷ್ಟು ಮೇಲೆ ಹಗ್ಗ ಹಿಡಿದವರದ್ದು ಎಂದು ಬಿಡಿಸಿ ಹೇಳಲು ಅರಿಸ್ಟಾಟಲ್‌ನ ವಿಂಗಡಣೆಯೂ ಸಾಲದು, ಹ್ಯೂಮ್‌ನದೂ ಸಾಲದು.